ಮುಯ್ಯಿಗೆ ಹಾಕಿದ ಸಹಿ

ನನ್ನ ಚಿಕ್ಕಪ್ಪನ ಬಾಯಲ್ಲಿ ‘ಇಲ್ಲ’ ಎನ್ನುವ ಮಾತು ಹುಟ್ಟುವುದಿಲ್ಲ. ಭದ್ರಾವತಿ ಜನ್ನಾಪುರದ ಅವರ ಮನೆ ಮುಂದೆ ಪರಿಚಯದವರು ಯಾರಾದರೂ ಕಾಫಿ ಕುಡಿಯದೆ ಹಾದುಹೋದರೆ ಅವರಿಗೆ ಇಡೀ ದಿನ ಕಸಿವಿಸಿ. ಕಾಫಿ ಮಾಡುವವರು ಚಿಕ್ಕಮ್ಮ, ಅದು ಬೇರೆ ಮಾತು. ಭದ್ರಾವತಿಯ ಕಾರ್ಖಾನೆಯಿಂದ ಅವರು ನಿವೃತ್ತರಾದ ಮೇಲೆ ಕೈಗೆ ಕಂಪ್ಯೂಟರ್ ಕೊಟ್ಟವಳು ನಾನು. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿರುವ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವುದು ನನ್ನ ಉದ್ಯೋಗ. ಯಾರು ಬೇಕಾದರೂ ಬಳಸಬಹುದಾದ, ಬಿಚ್ಚಿ ನೋಡಿ ತಿದ್ದಬಹುದಾದ ಮುಕ್ತ ತಂತ್ರಾಂಶಗಳೆಂದರೆ ನನಗೆ ಹುಚ್ಚು. ಅದನ್ನು ಚಿಕ್ಕಪ್ಪನಿಗೂ ಅಂಟಿಸಿದೆ. ಈಗ ಅವರ ಹುಚ್ಚಿನ ಮುಂದೆ ನನ್ನದು ಏನೇನೂ ಅಲ್ಲ.

ಕಂಪ್ಯೂಟರಿನಲ್ಲಿ ಕನ್ನಡ ಬರೆಯುವಾಗ ತಪ್ಪೆಂದು ಕಂಡ ಪದದ ಕೆಳಗೆ ಕೆಂಪು ಗೆರೆ ಬೀಳುತ್ತದಲ್ಲ, ಮೊದಮೊದಲು ಚಿಕ್ಕಪ್ಪ ಬರೆದ ಸಾಲುಗಳ ತುಂಬ ಅದೇ ಗೆರೆ. ಮಳೆಗೆ ಹೊದೆಯುವ ಗೊರಬು, ಅಡಿಕೆಹಾಳೆಯ ಹಾಳೆಟೊಪ್ಪಿ, ಗದ್ದೆಗೆ ಬರುವ ಮುಯ್ಯಾಳು, ಯಾವುದೂ ಆ ತಂತ್ರಾಂಶಕ್ಕೆ ಗೊತ್ತಿರಲಿಲ್ಲ. “ನಮ್ಮ ಕುಂಸಿ ಕಡೆ ದಿನಾ ಆಡೋ ಮಾತಿಗೆ ಗೆರೆ ಎಳೆಯೋಕೆ ಇವನ್ಯಾರು ಮಾರಾಯ್ತಿ?” ಎಂದು ಸಿಟ್ಟಾದರು. ಅವರು ಹುಟ್ಟಿ ಬೆಳೆದದ್ದು ಕುಂಸಿಯ ಬೇಸಾಯದ ಮನೆಯಲ್ಲಿ. ಆ ತಂತ್ರಾಂಶದ ಪದಪಟ್ಟಿಯೂ ಮುಕ್ತವಾದದ್ದೇ, ಬೇಕಾದರೆ ನೀವೇ ಸೇರಿಸಿ ಎಂದೆ. ಅಷ್ಟೇ ಸಾಕಾಯಿತು. ಅಂದಿನಿಂದ ಪದ ಕೂಡಿಸುತ್ತಲೇ ಬಂದರು. ಅದರಲ್ಲಿ ಅರ್ಧ ಚಿಕ್ಕಮ್ಮ ಕೊಟ್ಟ ಪದಗಳು. ಒಲೆಯ ಮುಂದೆ ನಿಂತೇ ಅವರು ಕೂಗುವುದು, “ರೀ, ನೆಲುವು ಹಾಕಿದ್ರಾ? ಕಡಗೋಲು?” ಇವರು ಹಜಾರದಲ್ಲಿ ಕೂತು ಟೈಪ್ ಮಾಡುವುದು. ಹೀಗೆ ವರ್ಷಗಳು ಕಳೆದು ಆ ಪಟ್ಟಿ ಎಲ್ಲೆಲ್ಲಿಯೋ ಕನ್ನಡ ಬರೆಯುವವರ ಕಂಪ್ಯೂಟರುಗಳಿಗೆಲ್ಲ ಹೋಯಿತು.

ಆದರೆ ಪಟ್ಟಿಯನ್ನು ಅಲ್ಲಿಗೆ ಮುಟ್ಟಿಸುತ್ತಿದ್ದವರು ಬೇರೆ. ಮುಕ್ತ ತಂತ್ರಾಂಶಗಳನ್ನೆಲ್ಲ ಒಟ್ಟಿಗೆ ಕಟ್ಟಿ ಹಂಚುವ ಒಂದು ದೊಡ್ಡ ಕೂಟವಿದೆ. ಅದರ ಸದಸ್ಯರು ಮಾತ್ರ ಅಲ್ಲಿಗೆ ಏನನ್ನಾದರೂ ಸೇರಿಸಬಹುದು. ಚಿಕ್ಕಪ್ಪನ ಪಟ್ಟಿಯನ್ನು ಸೇರಿಸುತ್ತಿದ್ದ ಸದಸ್ಯರು ಇನ್ನು ತಮ್ಮಿಂದಾಗದು ಎಂದು ಕೈಬಿಟ್ಟರು. ನೋಡಿಕೊಳ್ಳುವವರಿಲ್ಲದ ಪಟ್ಟಿಯನ್ನು ಮುಂದಿನ ಆವೃತ್ತಿಯಿಂದ ತೆಗೆದುಹಾಕುವುದು ಅಲ್ಲಿನ ಪದ್ಧತಿ. ಅದು ಉಳಿಯಬೇಕಾದರೆ ಚಿಕ್ಕಪ್ಪ ತಾವೇ ಸದಸ್ಯರಾಗಬೇಕಿತ್ತು. ಅದಕ್ಕೆ ಈಗಾಗಲೇ ಸದಸ್ಯರಾಗಿರುವ ಒಬ್ಬರು ಅವರನ್ನು ಮುಖಾಮುಖಿ ಕಂಡು ಅವರ ಕೀಲಿಗೆ ಸಹಿ ಹಾಕಬೇಕಿತ್ತು.

ಕೀಲಿಯೆಂದರೆ ಬೀರುವಿನದಲ್ಲ, ಕಂಪ್ಯೂಟರಿನೊಳಗಿನದು. ಅದು ಜೋಡಿಯಾಗಿ ಹುಟ್ಟುತ್ತದೆ. ಒಂದನ್ನು ಊರಿಗೆಲ್ಲ ಹಂಚಬಹುದು. ಇನ್ನೊಂದನ್ನು ಪಾಸ್‌ವರ್ಡ್ ಹಾಕಿ ತನ್ನಲ್ಲೇ ಇಟ್ಟುಕೊಳ್ಳಬೇಕು. ಕಳಿಸುವ ಪಟ್ಟಿಗೆ ಗುಟ್ಟಿನದರಿಂದ ಸಹಿ ಹಾಕಿದರೆ, ಹಂಚಿದ್ದರಿಂದ ಯಾರು ಬೇಕಾದರೂ ಆ ಸಹಿಯನ್ನು ಪರೀಕ್ಷಿಸಬಹುದು. ಹಂಚಿದ ಕೀಲಿ ನಿಜವಾಗಿ ಆ ಹೆಸರಿನವರದೇ ಎಂದು ಹೇಳುವವರು ಯಾರು? ಅವರನ್ನು ಕಂಡು, ಗುರುತಿನ ಚೀಟಿ ನೋಡಿ, ಕೀಲಿಯ ಬೆರಳಚ್ಚು ಎಂದು ಕರೆಯುವ ಉದ್ದನೆಯ ಅಕ್ಷರಮಾಲೆಯನ್ನು ತಾಳೆ ಹಾಕಿದ ಇನ್ನೊಬ್ಬರು. ಅವರು ಆ ಕೀಲಿಯ ಮೇಲೆ ತಮ್ಮ ಸಹಿ ಹಾಕುತ್ತಾರೆ. ಇದನ್ನೆಲ್ಲ ಮಾಡುವ ತಂತ್ರಾಂಶವೂ ಬಿಟ್ಟಿ ಸಿಗುತ್ತದೆ. ಚಿಕ್ಕಪ್ಪ ಅದನ್ನು ಹಾಕಿಕೊಂಡು ಬಹಳ ಕಾಲವಾಗಿತ್ತು. ಅದರಿಂದ ಏನೇನು ಮಾಡಿಟ್ಟಿದ್ದರು ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ.

ಆ ಕೂಟದ ಸದಸ್ಯೆಯಾದ ಮೈಸೂರಿನ ಹುಡುಗಿಯೊಬ್ಬಳು ಗೆಳತಿಯ ಮದುವೆಗೆಂದು ಕುಂಸಿಗೆ ಬರುವುದು ನನಗೆ ತಿಳಿಯಿತು. ಕೇಳಿಕೊಂಡಾಗ ಒಪ್ಪಿದಳು. ಮದುವೆ ಮುಗಿದ ಮರುದಿನ ಬೆಳಿಗ್ಗೆ ಅವಳನ್ನು ಶಿವಮೊಗ್ಗದ ಬಸ್‌ಸ್ಟ್ಯಾಂಡಿನಲ್ಲಿ ಕಂಡು ಜನ್ನಾಪುರಕ್ಕೆ ಕರೆದುಕೊಂಡು ಹೋದೆ. ಚಿಕ್ಕಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಲ್ಲೇ ನಿಂತಿದ್ದರು. ಗುರುತಿನ ಚೀಟಿ, ಬೆರಳಚ್ಚು ಬರೆದ ಹಾಳೆ ಎರಡೂ ಟೀಪಾಯಿಯ ಮೇಲೆ ತಯಾರಾಗಿದ್ದವು. ಹುಡುಗಿ ತನ್ನ ಲ್ಯಾಪ್‌ಟಾಪಿನಲ್ಲಿ ನೋಡುತ್ತಿದ್ದಂತೆ ಇವರು ಅಕ್ಷರ ಅಂಕಿಗಳನ್ನು ಮಗ್ಗಿ ಒಪ್ಪಿಸುವ ಹಾಗೆ ಓದಿದರು. ಎಲ್ಲ ಸರಿಯಾಗಿತ್ತು. ಚಿಕ್ಕಪ್ಪ ಗೆದ್ದವರಂತೆ ನನ್ನ ಕಡೆ ನೋಡಿದರು.

ಹುಡುಗಿ ಲ್ಯಾಪ್‌ಟಾಪ್ ಮುಚ್ಚಲಿಲ್ಲ. “ಅಂಕಲ್, ಒಂದು ವಿಷಯ ಕೇಳ್ಬೇಕಿತ್ತು. ನನ್ನ ಕೀಗೆ ನಿಮ್ಮ ಸಹಿ ಇದೆ.”

“ಹೌದಮ್ಮ, ಆವಾಗ್ಲೇ ಹಾಕಿದ್ದೀನಿ!”

“ನಾವು ಭೇಟಿ ಆಗ್ತಿರೋದು ಇವತ್ತೇ ಮೊದಲಲ್ವಾ?”

“ನೀನು ನನ್ನ ಪಟ್ಟೀಲಿದ್ದ ತಪ್ಪು ಸರಿ ಮಾಡ್ಕೊಟ್ಟಿದ್ದೆ. ಅಷ್ಟು ಉಪಕಾರ ಮಾಡಿದವಳಿಗೆ ಏನೂ ಮಾಡ್ದೆ ಹೆಂಗಿರ್ಲಿ?”

ನಾನು ಹಣೆ ಹಣೆ ಚಚ್ಚಿಕೊಂಡೆ. ನಮ್ಮ ಕಡೆ ಮುಯ್ಯಿ ಎಂದು ಒಂದಿದೆ. ಯಾರಾದರೂ ನಮ್ಮ ಮನೆಯ ಮದುವೆಗೆ ಬಂದು ಉಡುಗೊರೆ ಕೊಟ್ಟರೆ ನಾವೂ ಅವರ ಮನೆಯ ಶುಭಕಾರ್ಯಕ್ಕೆ ಹೋಗಿ ಅದನ್ನು ಹಿಂತಿರುಗಿಸಬೇಕು. ಗದ್ದೆ ನಾಟಿಗೆ ಅವರು ಬಂದರೆ ಅವರ ಗದ್ದೆಗೆ ನಾವು ಹೋಗಬೇಕು. ಮುಯ್ಯಿ ತೀರಿಸದವನ ಮನೆಗೆ ಮುಂದೆ ಯಾರೂ ಹೋಗುವುದಿಲ್ಲ. ಕುಂಸಿಯ ಗದ್ದೆಯಿಂದ ಕಲಿತ ಈ ನ್ಯಾಯವನ್ನು ಚಿಕ್ಕಪ್ಪ ನೇರವಾಗಿ ಕೀಲಿಗಳಿಗೆ ಅನ್ವಯಿಸಿದ್ದರು. ಯಾರು ಅವರ ಕೀಲಿಗೆ ಸಹಿ ಹಾಕಿದರೂ ಇವರ ಸಹಿ ತಿರುಗಿ ಹೋಗುತ್ತಿತ್ತು. ಸಹಿ ಹಾಕದೆ ಬೇರೇನಾದರೂ ಉಪಕಾರ ಮಾಡಿದವರಿಗೂ ಸಹಿಯೇ ಉಡುಗೊರೆ. ಮುಖ ನೋಡಿದ್ದೆಷ್ಟು ಜನರದೋ, ಅದು ಅವರಿಗೆ ಮುಖ್ಯವೇ ಅಲ್ಲ.

ಹುಡುಗಿ ಇನ್ನೂ ಒಂದು ಕೇಳಿದಳು. “ಆಂಟಿ ಹೆಸರಲ್ಲೂ ಒಂದು ಕೀ ಇದೆ. ಪ್ರತಿ ಪಟ್ಟಿಗೂ ನಿಮ್ಮ ಸಹಿ ಜೊತೆ ಅವರ ಸಹಿನೂ ಇದೆ. ಅದರ ಪಾಸ್‌ವರ್ಡ್ ಯಾರ ಹತ್ರ ಇರತ್ತೆ?”

“ನನ್ನ ಹತ್ರಾನೇ. ಅರ್ಧ ಪದ ಅವಳ್ದೇ ತಾನೇ, ಅವಳ ಹೆಸರೂ ಇರ್ಲಿ ಅಂತ ನಾನೇ ಮಾಡಿ ನಾನೇ ಹಾಕ್ತೀನಿ. ಅವಳಿಗ್ಯಾಕೆ ಆ ತಲೆನೋವು?”

ಹುಡುಗಿಯ ಮುಖ ಸಣ್ಣದಾಯಿತು. “ಅಂಕಲ್, ಇವತ್ತು ನಾನು ಸಹಿ ಹಾಕೋಕಾಗಲ್ಲ. ನೀವು ಯಾರು ಅನ್ನೋದ್ರಲ್ಲಿ ನಂಗೆ ಅನುಮಾನ ಇಲ್ಲ. ಆದ್ರೆ ನೀವು ಸದಸ್ಯರಾದ್ಮೇಲೆ ನಿಮ್ಮ ಸಹಿ ನಂಬ್ಕೊಂಡು ನಾವು ಇನ್ಯಾರನ್ನೋ ಒಳಗೆ ಬಿಟ್ಕೋತೀವಿ. ನೋಡ್ದೆ ಹಾಕಿರೋ ಸಹಿಗಳನ್ನ ವಾಪಸ್ ತಗೊಳ್ಳಿ. ತಗೊಂಡ್ರೆ ನಾನು ಊರಿಗೆ ಹೋಗಿ ನನ್ನ ಸಹಿ ಕಳಿಸ್ತೀನಿ.”

ನನಗೆ ಆ ಹುಡುಗಿಯ ಮೇಲೆ ಕೋಪ ಉಕ್ಕಿತು. ಅವಳು ಹೇಳಿದ್ದು ಸರಿಯಾಗಿತ್ತಲ್ಲ, ಅದಕ್ಕೇ ಇನ್ನಷ್ಟು ಉಕ್ಕಿತು. ಚಿಕ್ಕಪ್ಪ ಚೀಟಿ, ಹಾಳೆ ಎತ್ತಿಟ್ಟರು. ಊಟಕ್ಕೆ ಏಳಿ ಎಂದರು. ತಮ್ಮ ಎಲೆಯಲ್ಲಿದ್ದ ಅಕ್ಕಿರೊಟ್ಟಿಯನ್ನು ಮುರಿದದ್ದು ಬಿಟ್ಟರೆ ಬಾಯಿಗಿಟ್ಟದ್ದು ಕಾಣಲಿಲ್ಲ. ಆದರೂ ಹುಡುಗಿಯ ಎಲೆ ಬರಿದಾಗಲು ಬಿಡಲಿಲ್ಲ. “ಇನ್ನೊಂದು ಹಾಕ್ಸ್ಕೋ ಪುಟ್ಟಿ, ಎಣ್ಣೆಗಾಯಿ ಚೆನ್ನಾಗಿದೆ” ಎಂದು ಒತ್ತಾಯ ಮಾಡುತ್ತಲೇ ಇದ್ದರು. ಇಂಥವರಿಗೆ ನಿಯಮ ಹೇಳಿಕೊಡುವುದು ಯಾರಿಂದಾದೀತು?

ಹುಡುಗಿಯನ್ನು ಬಸ್ಸು ಹತ್ತಿಸಿ ನಾನು ಹಿಂದಿರುಗಿದಾಗ ಚಿಕ್ಕಪ್ಪ ಜಗಲಿಯ ಮೇಲೆ ಕೂತಿದ್ದರು. “ಮುಯ್ಯಿ ಮಾಡಿದ ಸೀರೆ ವಾಪಸ್ ಕೊಡಿ ಅಂತ ಯಾರಾದ್ರೂ ಕೇಳ್ತಾರೇನೇ? ನಾನು ಕೇಳಲ್ಲ. ಪಟ್ಟಿ ಹೋದ್ರೆ ಹೋಗ್ಲಿ” ಎಂದರು.

ಚಿಕ್ಕಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ನನ್ನಿಂದ ಎಲ್ಲ ಕೇಳಿ ತಿಳಿದುಕೊಂಡರು. “ಅಲ್ಲರೀ, ಕಾರ್ಖಾನೆ ಗೇಟಲ್ಲಿ ಪಕ್ಕದ ಮನೆಯವ್ರೇ ವಾಚ್‌ಮನ್ ಇದ್ರಲ್ಲ, ಅವ್ರಿಗೆ ದಿನಾ ಪಾಸ್ ತೋರ್ಸ್ತಿರ್ಲಿಲ್ವಾ ನೀವು? ಸಂಜೆ ಅವ್ರೇ ಇಲ್ಲಿ ಬಂದು ಕಾಫಿ ಕುಡೀತಿದ್ರು. ಒಂದಿನನಾದ್ರೂ ಬೇಜಾರಾಗಿತ್ತಾ?”

ಚಿಕ್ಕಮ್ಮನ ಮಾತು ಮುಗಿದಿರಲಿಲ್ಲ.

“ಆಮೇಲೆ, ನನ್ನ ಹೆಸರಲ್ಲಿ ಇಷ್ಟು ವರ್ಷ ನೀವೇ ಸಹಿ ಹಾಕ್ತಿದ್ರಾ?”

“ನಿನ್ನ ಗೌರವಕ್ಕೇ ಕಣೇ ಹಾಕಿದ್ದು.”

“ನನ್ನ ಗೌರವಕ್ಕೆ ಹಾಕೋವಾಗ ನನ್ನನ್ನೊಂದ್ಮಾತು ಕೇಳ್ಬಾರ್ದಿತ್ತಾ?”

ಚಿಕ್ಕಮ್ಮ ಜಗಳಗಂಟಿಯಲ್ಲ. ಅಷ್ಟು ಹೇಳಿ ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದರು. ಆ ಪಾತ್ರೆಗಳ ಸದ್ದು ಎಂದಿಗಿಂತ ಜೋರಾಗಿತ್ತು. ಚಿಕ್ಕಪ್ಪ ನನ್ನ ಕಡೆ ತಿರುಗಿ, “ಫೋನ್ ತಗೊಂಬಾ” ಎಂದರು.

ಹೇಳದೆ ಕೇಳದೆ ಸಹಿ ಹಿಂದಕ್ಕೆ ತೆಗೆದುಕೊಳ್ಳುವುದು ಅವರಿಂದ ಸಾಧ್ಯವಿರಲಿಲ್ಲ. ಎದುರು ಕಾಣದೆ ಯಾರ್ಯಾರ ಕೀಲಿಗೆ ಸಹಿ ಹಾಕಿದ್ದರೋ ಅವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿದರು. ನಂಬರ್ ಇಲ್ಲದವರಿಗೆ ಅವರು ಹೇಳಿದಂತೆ ನಾನು ಮೇಲ್ ಬರೆದೆ. “ಬೇಜಾರು ಮಾಡ್ಕೋಬೇಡಿ. ನಿಮ್ಮ ಮೇಲೆ ಅನುಮಾನ ಅಂತಲ್ಲ. ಈ ಕಡೆ ಬಂದಾಗ ಮನೆಗೆ ಬನ್ನಿ, ಊಟ ಮಾಡ್ಕೊಂಡು ಹೋಗಿ, ಆವಾಗ ನೋಡಿ ಹಾಕ್ತೀನಿ” ಎಂದು ಪ್ರತಿಯೊಬ್ಬರಿಗೂ ಹೇಳಿದರು. ಧಾರವಾಡದ ಮೇಷ್ಟ್ರೊಬ್ಬರು ಆ ಕಡೆಯಿಂದ ಗಟ್ಟಿಯಾಗಿ ನಕ್ಕಿದ್ದು ನನಗೂ ಕೇಳಿಸಿತು. “ಛಲೋ ಆತು ಬಿಡ್ರಿ ಸರ. ನೀವು ಹಾಕೀರಿ ಅಂತ ನಾನೂ ಹಾಕಿದ್ದೆ. ಎಲ್ಲಿ ತಪ್ಪು ತಿಳ್ಕೊಂತೀರೋ ಅಂತ ತೆಗದಿರ್ಲಿಲ್ಲ” ಎಂದರಂತೆ. ಚಿಕ್ಕಪ್ಪ ಆ ದಿನ ಮೊದಲ ಸಲ ನಕ್ಕರು. ಒಬ್ಬರು ಮಾತ್ರ ಮುನಿಸಿಕೊಂಡು ಫೋನ್ ಇಟ್ಟರು. ಅವರ ಹೆಸರನ್ನು ಚಿಕ್ಕಪ್ಪ ಇಂದಿಗೂ ನೊಂದುಕೊಂಡೇ ಹೇಳುತ್ತಾರೆ. ಮಾತಾಡಿ ಮುಗಿದ ಮೇಲೆ ಸಹಿಗಳನ್ನು ಒಂದೊಂದಾಗಿ ಹಿಂದಕ್ಕೆ ತೆಗೆದುಕೊಂಡರು. ಚಿಕ್ಕಮ್ಮನ ಹೆಸರಿನ ಕೀಲಿಯನ್ನೂ ರದ್ದು ಮಾಡಿದರು. ಅದನ್ನು ಮಾಡುವಾಗ ಅಡುಗೆಮನೆಯ ಕಡೆ ತಿರುಗಿ ನೋಡಿದ್ದನ್ನು ನಾನು ನೋಡದ ಹಾಗೆ ಇದ್ದೆ.

ಆ ವಾರ ಚಿಕ್ಕಪ್ಪ ಮೇಲ್ ತೆರೆದು ತೆರೆದು ನೋಡಿದರು. ನಾನು ಲ್ಯಾಬಿನಲ್ಲಿದ್ದಾಗ ಒಂದು ಬೆಳಿಗ್ಗೆ ಅವರ ಫೋನ್ ಬಂತು. ಮೈಸೂರಿನಿಂದ ಬೀಗ ಹಾಕಿದ ಮೇಲ್ ಬಂದಿದೆ, ತಮ್ಮ ಗುಟ್ಟಿನ ಕೀಲಿಯಿಂದ ತೆರೆದರೆ ಒಳಗೆ ಆ ಹುಡುಗಿಯ ಸಹಿ ಇದೆ ಎಂದರು. ಸ್ವಲ್ಪ ದಿನಗಳಲ್ಲಿ ಅವರು ಸದಸ್ಯರೂ ಆದರು. ಪಟ್ಟಿ ಉಳಿಯಿತು. ಬೀದಿಗೆಲ್ಲ ಮೈಸೂರುಪಾಕು ಹಂಚಿದರು. ಯಾತಕ್ಕೆ ಎಂದು ಕೇಳಿದವರಿಗೆ ವಿವರಿಸಲು ಹೋಗಿ ಸೋತರು.

ಇದಾದ ಮೇಲೆ ಒಂದು ಭಾನುವಾರ ನಾನು ಜನ್ನಾಪುರಕ್ಕೆ ಹೋದಾಗ ಚಿಕ್ಕಮ್ಮ ಲ್ಯಾಪ್‌ಟಾಪಿನ ಮುಂದೆ ಕೂತಿದ್ದರು. ತಮ್ಮ ಕೀಲಿಯನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಪಾಸ್‌ವರ್ಡ್ ಹಾಕುವ ಹೊತ್ತಿಗೆ ಚಿಕ್ಕಪ್ಪನನ್ನು ಹಿತ್ತಲಿಗೆ ಕಳಿಸಿದರು. ಕಿಟಕಿಯಿಂದಲೇ ಚಿಕ್ಕಪ್ಪ ಕೇಳಿದರು, “ಏನಿಟ್ಟೆ?”

“ಯಾರಿಗೂ ಹೇಳ್ಬಾರ್ದಂತೆ, ಗಂಡನಿಗೂ.”

ಆಮೇಲೆ ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ತಮ್ಮ ಹೆಂಡತಿಯ ಗುರುತಿನ ಚೀಟಿಯನ್ನು ಹಿಂದೆಮುಂದೆ ತಿರುಗಿಸಿ ನೋಡಿದರು. ಬೆರಳಚ್ಚು ಓದಿಸಿ ತಾಳೆ ಹಾಕಿದರು. ಮಧ್ಯೆ ಚಿಕ್ಕಮ್ಮನಿಗೆ ನಗು ತಡೆಯಲಾಗದೆ ಮತ್ತೆ ಮೊದಲಿನಿಂದ ಓದಬೇಕಾಯಿತು. ಅಂತೂ ಸಹಿ ಬಿತ್ತು.

ಹೊಸ ಪಟ್ಟಿಯನ್ನು ಕಳಿಸುವ ದಿನ ಹತ್ತಿರ ಬಂತು. ಚಿಕ್ಕಪ್ಪ ತಮ್ಮ ಸಹಿ ಹಾಕಿ ಚಿಕ್ಕಮ್ಮನ ಮುಂದೆ ಇಟ್ಟರು. ಚಿಕ್ಕಮ್ಮ ಹಾಕಲಿಲ್ಲ. ಪೂರ್ತಿ ಓದಿದ ಮೇಲೆ ಹಾಕುತ್ತೇನೆ ಎಂದರು. ದಿನಾ ಮಧ್ಯಾಹ್ನ ಕೆಲಸ ಮುಗಿಸಿ ಕೂತು ಒಂದೊಂದೇ ಪದ ಓದುತ್ತಿದ್ದರು. ಕೆಲವಕ್ಕೆ ಇದು ಯಾರ ಮನೆಯ ಮಾತು ಎಂದು ಗಂಡನನ್ನು ಕರೆದು ಕೇಳುತ್ತಿದ್ದರು. ಚಿಕ್ಕಪ್ಪ ನನಗೆ ಫೋನ್ ಮಾಡಿ, “ಇನ್ನೂ ಹಾಕಿಲ್ಲ ಕಣೇ ಅವಳು” ಎಂದು ದೂರಿದರು.

“ಗಡುವು ಬಂತಲ್ಲ ಚಿಕ್ಕಪ್ಪ. ನಿಮ್ಮದೊಂದೇ ಸಾಕು, ನಿಯಮಕ್ಕೆ ಅಷ್ಟೇ ಬೇಕಾಗಿರೋದು. ಕಳಿಸ್ಬಿಡಿ” ಎಂದೆ.

“ಬೇಡ” ಎಂದರು ಚಿಕ್ಕಪ್ಪ. “ಇಷ್ಟು ವರ್ಷ ಅವಳ ಸಹಿ ನನಗೆ ಕಾಯದೆ ಸಿಗ್ತಿತ್ತು. ಈ ಸಲ ಅವಳು ಹಾಕೋದೇ ಇಲ್ಲ ಅನ್ನಬಹುದು ನೋಡು, ಹಾಕಿದ್ರೆ ಅದು ಅವಳದೇ ಸಹಿ. ಕಾಯ್ತೀನಿ.”