ಬಂಬದ ನೀರು, ಅಪ್ಪನ ಕತ್ತಿ

ಅಪ್ಪ ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂದದ್ದು ಅವನ ಕ್ಷೌರದ ಕತ್ತಿಯೊಂದೇ. ಧಾರವಾಡದಲ್ಲಿ ಇಪ್ಪತ್ತು ವರ್ಷ ಅವನ ಗಡ್ಡ ಹೆರೆದ ಆ ಕತ್ತಿಯನ್ನು ಅವ್ವನೊಡನೆ ಪುಣೆಯ ಶನಿವಾರ ಪೇಟೆಯ ಹಲವು ಬಿಡಾರಗಳ ವಾಡೆಗೆ ಬಂದ ಆರೇ ತಿಂಗಳಲ್ಲಿ ನಾನು ಕುಡುಗೋಲು ಮಾಡಿಟ್ಟಿದ್ದೆ. ತೊಗಲಿನ ಪಟ್ಟಿಗೆ ಎಷ್ಟು ತೀಡಿದರೂ ಅರ್ಧ ಕೆನ್ನೆ ಮುಗಿಯುವುದರೊಳಗೆ ಮೊಂಡ. ದಿನವೂ ಗಾಯಕ್ಕೆ ಪಟಿಕ ತಿಕ್ಕಿಕೊಂಡೇ ಕಚೇರಿಗೆ ಹೋಗುತ್ತಿದ್ದೆ.

ಮೂರನೆಯ ಸಲ ಸಾಣೆ ಹಿಡಿದವನು ಕತ್ತಿಯನ್ನು ಬೆಳಕಿಗೆ ಹಿಡಿದು ತಲೆ ಅಲ್ಲಾಡಿಸಿದ. ಇದೇ ಕೊನೆ, ಇನ್ನೊಮ್ಮೆ ತಂದರೆ ಅಲಗೇ ಉಳಿಯುವುದಿಲ್ಲ ಎಂದ. ಯುದ್ಧದ ಕಾಲ, ಹೊಸದು ಸಿಗುವ ಹಾಗಿರಲಿಲ್ಲ. ಪಕ್ಕದ ಬಿಡಾರದ ಮರಾಠಿ ಮಾಸ್ತರರು, ಇನ್ನು ಅದನ್ನು ಪೆನ್ಸಿಲ್ ಕೆತ್ತಲು ಇಟ್ಟುಕೊಳ್ಳಿ ಎಂದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಆ ಸಿಟ್ಟನ್ನೆಲ್ಲ ತಂದು ಅವ್ವನ ಮುಂದೆ ಸುರಿದೆ.

"ಅಪ್ಪ ಹಾಳು ಕತ್ತಿ ಬಿಟ್ಟು ಹೋಗ್ಯಾನ!"

"ಕತ್ತಿಗ್ಯಾಕ ಬೈತಿ? ತಣ್ಣೀರಾಗ ಪರಪರ ಕೆರಕೊಂತಿ. ನೆನೀಲಾರದ ಗಡ್ಡ ಅಲಗು ತಿಂತದ."

"ಬಂಬ ಮುಟ್ಟಬ್ಯಾಡ ಅಂದಾಕಿ ನೀನ ಅಲ್ಲೇನು?"

ನಮ್ಮಲ್ಲಿ ಕ್ಷೌರವೆಂದರೆ ಮೈಲಿಗೆ. ಸ್ನಾನವಾಗುವ ತನಕ ಬಿಸಿನೀರಿನ ಆ ತಾಮ್ರದ ಬಂಬವನ್ನು ಮುಟ್ಟುವಂತಿಲ್ಲ. ಹಾಗಾಗಿ ನಾನು ಚಳಿಗಾಲದಲ್ಲೂ ನಲ್ಲಿಯ ನೀರಿಗೇ ಕೂರುತ್ತಿದ್ದೆ.

"ಮುಟ್ಟಬ್ಯಾಡ ಅಂದೆ. ಕೇಳಬ್ಯಾಡ ಅಂದೆನೇನು? ನಿಮ್ಮಪ್ಪಗ ನಾನ ತಂಬಿಗಿ ತುಂಬಿ ಹೊಸ್ತಿಲದಾಗ ಇಡತಿದ್ದೆ."

ನಾನು ಬೆಪ್ಪಾದೆ. ಅಪ್ಪ ಬೆಳಿಗ್ಗೆ ಮುಖಕ್ಕೆ ಒದ್ದೆ ವಸ್ತ್ರ ಸುತ್ತಿಕೊಂಡು ಸುಮ್ಮನೆ ಕೂತಿರುತ್ತಿದ್ದ. ಜಪ ಮಾಡುತ್ತಾನೆಂದು ತಿಳಿದು ನಾನು ಹತ್ತಿರವೂ ಸುಳಿಯುತ್ತಿರಲಿಲ್ಲ. ಅವನು ಗಡ್ಡ ನೆನೆಸುತ್ತಿದ್ದ!

ಮರುದಿನ ಹೊಸ್ತಿಲಲ್ಲಿ ತಂಬಿಗೆ ಇತ್ತು. ಬಿಸಿ ವಸ್ತ್ರ ಆರುವ ತನಕ ಕೂತೆ, ಸಾಬೂನಿನ ನೊರೆಯನ್ನು ಸಾವಕಾಶ ತಿಕ್ಕಿದೆ. ಕತ್ತಿ ಕೆನ್ನೆಯ ಮೇಲೆ ಸದ್ದಿಲ್ಲದೆ ಇಳಿಯಿತು. ಒಂದು ತಿಂಗಳು ತೊಗಲಿನ ಪಟ್ಟಿಗೆ ತೀಡಿದ್ದಷ್ಟೇ, ಸಾಣೆಗೆ ಕೊಡಬೇಕಾಗಲಿಲ್ಲ.

ಆಮೇಲೊಂದು ರವಿವಾರ ಮಾಸ್ತರರನ್ನು ಹಿಡಿದು ಅಂಗಳದ ಕಟ್ಟೆಯ ಮೇಲೆ ಕೂರಿಸಿದೆ. ಅವರದು ನಾಲ್ಕು ದಿನದ ಗಡ್ಡ, ತೆಂಗಿನ ನಾರು. ಬಿಸಿ ವಸ್ತ್ರದೊಳಗಿಂದಲೇ ಗೊಣಗಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡೂ ಕೆನ್ನೆ, ಗದ್ದ, ಗಂಟಲು ಮುಗಿಸಿ ಕನ್ನಡಿ ಕೊಟ್ಟೆ. ಎಲ್ಲೂ ಒಂದು ಹನಿ ರಕ್ತವಿರಲಿಲ್ಲ.

"ಕಳಲಂಚ ನಾಹೀ!" ಎಂದರು, ಗೊತ್ತೇ ಆಗಲಿಲ್ಲವೆಂದು ಕೆನ್ನೆ ಸವರಿಕೊಳ್ಳುತ್ತ. "ಅದೇ ಕತ್ತಿಯೇ?"

ಅದೇ, ಪೆನ್ಸಿಲ್ ಇದ್ದರೆ ತನ್ನಿ ಎಂದೆ. ವಾಡೆಯೆಲ್ಲ ನಕ್ಕಿತು. ಆ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ.

ಕತ್ತಿ ತೊಳೆದು, ಸ್ನಾನ ಮುಗಿಸಿ ಒಳಗೆ ಬಂದಾಗ ಅವ್ವ ಕತ್ತಿಗಾಗಿ ಕೈ ಚಾಚಿದಳು. ಸೆರಗಿನಿಂದ ಒರೆಸಿ, ಮಡಚಿ, ನನ್ನ ಕೈಗೇ ಕೊಟ್ಟಳು.

"ಇಷ್ಟು ದಿನ ನಿಮ್ಮಪ್ಪಂದಿತ್ತು," ಎಂದಳು. "ಈಗ ನಿಂದಾತು."