ಸಿಂಗಾಪುರದ ಡ್ಯಾನ್ಸ್ ಹಾಲೂ ಶಂಕರಪುರದ ಮದುವೆಯೂ

ಸಿಂಗಾಪುರದಲ್ಲಿ ಯಾವ ಡ್ಯಾನ್ಸ್ ಹಾಲ್ ಒಳ್ಳೆಯದು? ಕೇಳಿ, ಹೇಳುತ್ತೇನೆ. ಮಂಗಳೂರಿನಿಂದಾಚೆ ಕಾಲಿಡದ ಈ ಬನ್ನಂಜೆಯ ಮಾಷ್ಟ್ರಿಗೆ ಕಳೆದ ವಾರದಿಂದ ಆ ಊರಿನ ಮೋಜಿನ ಮನೆಗಳೆಲ್ಲ ಕಂಠಪಾಠ. (ನನ್ನ ಹೆಂಡತಿ ಈ ಅಂಕಣ ಓದುವುದಿಲ್ಲ. ಆ ಧೈರ್ಯ.)

ಆದದ್ದಿಷ್ಟು. ಶಂಕರಪುರದ ಗ್ರೆಗರಿ ನನ್ನ ಹಳೆಯ ಸ್ನೇಹಿತರು, ಮಲ್ಲಿಗೆ ಬೆಳೆಯುವವರು. ಮಗಳು ಐರಿನ್‌ಗೆ ಕಾಪುವಿನ ಫೆಲಿಕ್ಸ್ ಜೊತೆ ಮದುವೆ ಗೊತ್ತಾಗಿತ್ತು. ಹುಡುಗ ಹಡಗಿನಲ್ಲಿ ಸ್ಟುವರ್ಡ್, ನಾಲ್ಕು ವರ್ಷದಿಂದ ಸಿಂಗಾಪುರದ ಲೈನು. ಐರಿನ್‌ಗೂ ಒಪ್ಪಿಗೆಯಾಗಿದ್ದ.

ಕ್ರೈಸ್ತರಾದ ಅವರಲ್ಲಿ ಮದುವೆಗೆ ಮೊದಲು ಮೂರು ಭಾನುವಾರ ಇಗರ್ಜಿಯಲ್ಲಿ ಹುಡುಗ ಹುಡುಗಿಯ ಹೆಸರು ಓದುತ್ತಾರೆ. ಅಡ್ಡಿಯಿದ್ದರೆ ಹೇಳಿ ಎಂದು. ಎರಡು ಸಲ ಓದಿಯಾಗಿತ್ತು. ಅಷ್ಟರಲ್ಲಿ ಯಾರೋ ಪುಣ್ಯಾತ್ಮ ಗ್ರೆಗರಿಯವರ ಕಿವಿ ಊದಿದ: ಹುಡುಗ ಅಲ್ಲಿ ಡ್ಯಾನ್ಸ್ ಹಾಲಿನಲ್ಲೇ ಬಿದ್ದಿರುತ್ತಾನಂತೆ!

"ಅವ ನಿಮ್ಮ ಶಿಷ್ಯ ಅಲ್ವಾ ಮಾಷ್ಟ್ರೇ? ಮೂರನೆಯದು ಓದುವ ಮೊದಲು ಒಮ್ಮೆ ಕೇಳಿ. ಅಲ್ಲಿ ಯಾವಳಾದರೂ ಗಂಟು ಬಿದ್ದದ್ದು ಉಂಟಾ ಅಂತ" ಎಂದರು ಗ್ರೆಗರಿ.

ಶುಕ್ರವಾರ ಶಾಲೆ ಬಿಟ್ಟವನೇ ಕಾಪು ಬಸ್ಸು ಹತ್ತಿದೆ.

ರಜೆಯಲ್ಲಿ ಮನೆಗೆ ಬಂದಿದ್ದ ಫೆಲಿಕ್ಸ್ ಏನನ್ನೂ ಮುಚ್ಚಿಡಲಿಲ್ಲ. "ಹೋಗಿದ್ದೇನೆ ಮಾಷ್ಟ್ರೇ. ಪಾದ್ರಿಗಳ ಹತ್ತಿರ ಹೇಳಿಯೂ ಆಗಿದೆ" ಎಂದ. ಆಮೇಲೆ, ಹೋಟೆಲಿನ ಮಾಣಿ ತಿಂಡಿಯ ಪಟ್ಟಿ ಒಪ್ಪಿಸುವಂತೆ, ಒಂದೊಂದಾಗಿ ವರ್ಣಿಸಿದ.

ಒಂದು, ದೊಡ್ಡ ಡ್ಯಾನ್ಸ್ ಹಾಲ್. ಗೋಡೆಯುದ್ದಕ್ಕೂ ಕುರ್ಚಿ, ಕುರ್ಚಿಯಲ್ಲಿ ಹುಡುಗಿಯರು. ಟಿಕೆಟ್ ಕೊಟ್ಟರೆ ಒಂದು ಹಾಡಿಗೆ ನಿಮ್ಮೊಡನೆ ಕುಣಿಯುತ್ತಾರೆ. ಹಾಡು ಮುಗಿಯಿತೋ, ಅವರು ಕುರ್ಚಿಗೆ, ನೀವು ನಿಮ್ಮ ದಾರಿಗೆ. ಇನ್ನೊಂದು, ಬಂದರಿನ ಬಾರು. ಅಲ್ಲಿ ಕುಣಿತವಿಲ್ಲ. ಹುಡುಗಿ ಪಕ್ಕದಲ್ಲಿ ಕೂರುತ್ತಾಳೆ, ಅವಳಿಗೆ ನೀವು ವಿಸ್ಕಿ ಕೊಡಿಸಬೇಕು. (ಅವಳ ಗ್ಲಾಸಿನಲ್ಲಿರುವುದು ಹಾಲು ಹಾಕದ ಬರೀ ಚಾ!) ಮತ್ತೆ ದೊಡ್ಡ ಹೋಟೆಲಿನ ನೈಟ್ ಕ್ಲಬ್ಬು. ಟೈ ಇಲ್ಲದೆ ಒಳಗೆ ಬಿಡುವುದಿಲ್ಲ. ಒಬ್ಬಳು ಹಾಡುತ್ತಾಳೆ, ಎಲ್ಲರೂ ಊಟ ಮಾಡುತ್ತಾರೆ.

"ಯಾವುದು ಒಳ್ಳೆಯದು?" ಎಂದೆ. ವಿಚಾರಣೆಗೆ ಈ ಪ್ರಶ್ನೆ ಬೇಕಿತ್ತೇ? ಬೇಡವಾಗಿತ್ತು. ಆದರೂ ಕೇಳಿದೆ. ಬ್ಯಾಂಡಿನಲ್ಲಿ ಎಷ್ಟು ಜನ, ದೀಪ ಯಾವ ಬಣ್ಣ, ಅದನ್ನೂ ಕೇಳಿದೆ.

"ಡ್ಯಾನ್ಸ್ ಹಾಲೇ. ಬ್ಯಾಂಡು ಒಳ್ಳೆಯದು, ನೆಲ ಒಳ್ಳೆಯದು, ಜಗಳ ಇಲ್ಲ."

ಆಗ ಬಂದ ಕೆಲಸ ನೆನಪಾಯಿತು. ಯಾರ ಜೊತೆಗಾದರೂ ಸಲಿಗೆ ಇತ್ತೇ? ಯಾರವಳು, ಹೆಸರೇನು? ಪೊಲೀಸರು ಕೇಳುವ ಹಾಗೆ ಕೇಳಿದೆ.

ಫೆಲಿಕ್ಸ್ ನಕ್ಕ. "ಹೆಸರಾ? ಅಲ್ಲಿ ಹೆಸರು ಯಾರು ಕೇಳ್ತಾರೆ ಮಾಷ್ಟ್ರೇ! ಒಬ್ಬಳದ್ದೂ ಗೊತ್ತಿಲ್ಲ."

ನನಗೆ ಸಮಾಧಾನವಾಯಿತು. ಹುಡುಗ ಪಾಸು!

ಶನಿವಾರ ಬೆಳಿಗ್ಗೆ ಶಂಕರಪುರದಲ್ಲಿ ವರದಿ ಒಪ್ಪಿಸಿದೆ. ಜಗಲಿಯಲ್ಲಿ ಐರಿನ್ ಮತ್ತು ಇಬ್ಬರು ಹೆಂಗಸರು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. ಗ್ರೆಗರಿ ಉಸಿರು ಬಿಟ್ಟರು. "ಹೆಸರೇ ಗೊತ್ತಿಲ್ಲವಂತೆ! ದೇವರು ದೊಡ್ಡವ. ನಾಳೆ ಮೂರನೆಯದು ಓದಿಸುವ."

ಐರಿನ್‌ಳ ಕೈ ನಿಂತಿತು. "ನಾಲ್ಕು ವರ್ಷ ಹೋಗಿದ್ದಾನೆ. ಒಬ್ಬಳ ಹೆಸರೂ ಕೇಳಲಿಲ್ಲವಾ?"

"ಅದೇ ಅಲ್ವಾ ಒಳ್ಳೆಯದು!" ಎಂದರು ತಂದೆ.

"ಎಂತ ಒಳ್ಳೆಯದು? ಬೆಳಿಗ್ಗೆ ಹೂ ಕೊಳ್ಳಲಿಕ್ಕೆ ಬರುವವನಿಗೂ ಇಲ್ಲಿ ಹೂ ಕಟ್ಟುವವರ ಹೆಸರು ಗೊತ್ತುಂಟು. ಕಾರ್ಮಿನ್ ಕಾಣುವುದಿಲ್ಲ, ಜ್ವರವಾ ಅಂತ ನಿನ್ನೆ ಕೇಳಿದ. ಇವ ಕೈ ಹಿಡಿದು ಕುಣಿದು ಬಂದಿದ್ದಾನೆ. ನಾಳೆ ಓದುವುದು ಬೇಡ ಬಪ್ಪಾ. ಪಾದ್ರಿಗಳಿಗೆ ಹೇಳಿ."

ಗ್ರೆಗರಿ ಕೂಗಾಡಿದರು. ಎರಡು ಸಲ ಓದಿಸಿ ನಿಲ್ಲಿಸಿದರೆ ಊರು ಏನೆನ್ನುತ್ತದೆ? ಮತ್ತೆ ಗಂಡು ಸಿಗುವುದುಂಟೇ? ಭಯ ಸುಳ್ಳಲ್ಲ. ಐರಿನ್‌ಗೂ ಅದು ಗೊತ್ತಿತ್ತು, ಕಣ್ಣು ತುಂಬಿಕೊಂಡಿತ್ತು. ಮಾತು ಮಾತ್ರ ಬದಲಾಗಲಿಲ್ಲ. ನನಗೆ ನಾಚಿಕೆಯಾಯಿತು. ಬ್ಯಾಂಡಿನವರ ಲೆಕ್ಕ ಕೇಳಿಬಂದವನು ನಾನು.

ಭಾನುವಾರ ಹೆಸರು ಓದಲಿಲ್ಲ.

ಸೋಮವಾರ ಫೆಲಿಕ್ಸ್ ನನ್ನ ಮನೆಗೇ ಬಂದ. ಮುಖ ಬಾಡಿತ್ತು. "ನಾನು ಸತ್ಯವನ್ನೇ ಹೇಳಿದ್ದಲ್ವಾ ಮಾಷ್ಟ್ರೇ? ಅಲ್ಲಿಗೆ ಹೋದದ್ದಕ್ಕೆ ಅವಳಿಗೆ ಇಷ್ಟು ಕೋಪವಾ?"

"ಹೋದದ್ದಕ್ಕಲ್ಲ ಮಾರಾಯ" ಎಂದೆ. "ನಾಲ್ಕು ವರ್ಷ ಹೋದರೂ ನಿನಗೆ ಅಲ್ಲಿ ಯಾರೂ ಕಾಣಲಿಲ್ಲವಲ್ಲ, ಅದಕ್ಕೆ."