ಓರ್ಲಿನ್ ಕೇಳದೆ ಬಿಟ್ಟ ಮೂರನೇ ಸಲ

ವಿಸ್ಕಾನ್ಸಿನ್ನಿನ ನಮ್ಮ ಹೊಳೆಯಲ್ಲಿ ದೋಣಿ ಬಾಡಿಗೆಗೆ ಕೊಡುವ ಓರ್ಲಿನ್ ಟ್ವೈಟ್, ಪ್ರತಿ ಶನಿವಾರ ಷಿಕಾಗೋದಿಂದ ಬಂದವರನ್ನು ದಡದಲ್ಲಿ ಸಾಲಾಗಿ ನಿಲ್ಲಿಸಿ ಪಾಠ ಹೇಳುತ್ತಾನೆ. ಲೈಫ್ ಜಾಕೆಟ್ ಬಿಚ್ಚಬೇಡಿ, ದೋಣಿಯಲ್ಲಿ ಎದ್ದು ನಿಲ್ಲಬೇಡಿ, ಬಿಯರ್ ಡಬ್ಬಿ ನೀರಿಗೆ ಎಸೆಯಬೇಡಿ. ಕೊನೆಗೆ ತಪ್ಪದೆ ಇನ್ನೊಂದು ಮಾತು.

“ನಮ್ಮೂರೋರು ಯಾರಾದ್ರೂ ಮುಳುಗ್ತಿದ್ರೆ ಒಂದ್ಸಲ ಕೇಳಿ ಹೊರಟ್‌ಬಿಡಬೇಡಿ. ‘ಬೇಡ, ನಿಮಗ್ಯಾಕೆ ತೊಂದ್ರೆ’ ಅಂತಾರೆ. ಎರಡ್ನೇ ಸಲಾನೂ ಅದನ್ನೇ ಅಂತಾರೆ. ಮೂರ್ನೇ ಸಲ ಕೇಳಿ, ಹೂಂ ಅಂತಾರೆ.”

ಬಂದವರು ನಗುತ್ತಾರೆ. ನಮಗೆ ಅದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ. ನಮ್ಮ ಚರ್ಚಿನ ಊಟದಲ್ಲಿ ಸಿಹಿ ಪೈನ ಕೊನೆಯ ತುಂಡು, ಮೂರನೇ ಸಲ ಒತ್ತಾಯ ಮಾಡುವವರಿಲ್ಲದೆ, ತಟ್ಟೆಯಲ್ಲೇ ಒಣಗುವುದುಂಟು.

ಇಷ್ಟೆಲ್ಲ ತಿಳಿದ ಓರ್ಲಿನ್ ಹರೆಯದಲ್ಲಿ ನನ್ನ ತಂಗಿ ಮಾರ್ಲಿಸ್‌ಳನ್ನು “ನನ್ ದೋಣೀಲಿ ಬರ್ತೀಯಾ?” ಎಂದು ಕೇಳಿದ್ದ. ಹುಡುಗ ಹಾಗೆ ಕೇಳಿದರೆ ಏನರ್ಥವೆಂದು ಇಲ್ಲಿ ಎಲ್ಲರಿಗೂ ಗೊತ್ತು. “ಬೇಡಪ್ಪ, ನಿನಗ್ಯಾಕೆ ತೊಂದ್ರೆ” ಎಂದಳು. ಮುಂದಿನ ಭಾನುವಾರ ಮತ್ತೆ ಕೇಳಿದ. ಮತ್ತೆ ಅದನ್ನೇ ಅಂದಳು. ಅದರ ಮುಂದಿನ ಭಾನುವಾರ ಹೊಸ ಫ್ರಾಕು ಹಾಕಿಕೊಂಡು ವರಾಂಡದಲ್ಲಿ ಕೂತಳು. ಪುಣ್ಯಾತ್ಮ ಬರಲೇ ಇಲ್ಲ. ಒಲ್ಲದವಳನ್ನು ಪೀಡಿಸಬಾರದೆಂದು ಮರ್ಯಾದೆಯಿಂದ ದೂರ ಉಳಿದನಂತೆ! ಅವನ ಮರ್ಯಾದೆಗಿಷ್ಟು ಬೆಂಕಿ ಹಾಕ. ಅವನೂ ಮದುವೆಯಾಗಲಿಲ್ಲ, ಇವಳೂ ಆಗಲಿಲ್ಲ. ಎದುರಾದಾಗಲೆಲ್ಲ ಮಳೆ ಬಿಸಿಲಿನ ಮಾತಾಡಿಕೊಂಡೇ ಇಬ್ಬರ ತಲೆಯೂ ನರೆಯಿತು.

ಕಳೆದ ಜೂನಿನಲ್ಲಿ ನಾನೂ ಮಾರ್ಲಿಸ್ಸೂ ನನ್ನ ದೋಣಿಯಲ್ಲಿ ಹೊರಟಿದ್ದೆವು. ಸೇತುವೆ ದಾಟಿದ ತಿರುವಿನಲ್ಲಿ, ನೀರಿಗೆ ಬಿದ್ದ ಮರವನ್ನು ತಬ್ಬಿಕೊಂಡು ಓರ್ಲಿನ್ ನೇತಾಡುತ್ತಿದ್ದ. ಕೊಂಬೆಗೆ ಸಿಕ್ಕಿದ್ದ ಯಾರದೋ ಬಿಯರ್ ಡಬ್ಬಿ ತೆಗೆಯಲು ದೋಣಿಯಲ್ಲಿ ಎದ್ದು ನಿಂತಿದ್ದನಂತೆ. ದೋಣಿ ಅವನನ್ನು ಬಿಟ್ಟು ಮುಂದೆ ಹೋಗಿತ್ತು. ಕೊರೆಯುವ ನೀರಿಗೆ ಅವನ ತುಟಿ ನೀಲಿಗಟ್ಟಿತ್ತು.

“ಸಹಾಯ ಬೇಕಾ ಓರ್ಲಿನ್?” ಎಂದಳು ಮಾರ್ಲಿಸ್.

“ಏನಿಲ್ಲ, ಏನಿಲ್ಲ. ನೀವು ಹೋಗ್ಬನ್ನಿ.”

“ನಿಜವಾಗ್ಲೂ?”

“ನಿಮಗ್ಯಾಕೆ ಸುಮ್ನೆ ತೊಂದ್ರೆ.”

ಅವಳು ಹುಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಸುಮ್ಮನೆ ಕೂತಳು. ನಾನು ಕೊಂಬೆಯೊಂದನ್ನು ಹಿಡಿದು ದೋಣಿ ನಿಲ್ಲಿಸಿದೆ. ಓರ್ಲಿನ್ ಕಾದ. ಹಲ್ಲು ಕಟಕಟ ಎನ್ನುತ್ತಿತ್ತು.

“ಇನ್ನೊಂದ್ಸಲ ಕೇಳಲ್ವಾ?” ಎಂದ ಕೊನೆಗೆ.

“ಅವತ್ತು ನೀನು ಕೇಳಿದ್ಯಾ?” ಎಂದಳು ಮಾರ್ಲಿಸ್.

ಅರ್ಥವಾಗಲು ಅವನಿಗೆ ತುಸು ಹೊತ್ತು ಹಿಡಿಯಿತು. ನನಗೆ ಅಳು ಬಂತು, ಹುಟ್ಟು ಎತ್ತಿ ಅವನ ತಲೆಗೊಂದು ಬಾರಿಸಬೇಕೆಂದೂ ಅನ್ನಿಸಿತು.

“ಮಾರ್ಲಿಸ್, ನನ್ ದೋಣೀಲಿ ಬರ್ತೀಯಾ?”

“ಬರ್ತೀನಿ” ಎಂದಳು, ತಡಮಾಡದೆ. “ದೋಣಿ ಎಲ್ಲಿ?”

ಮೂವರೂ ತಿರುವಿನ ಕಡೆ ನೋಡಿದೆವು. ಅಲ್ಲಿ ಬರೀ ನೀರಿತ್ತು.

“ಹಿಡ್ಕೋ, ಹುಡುಕ್ಕೊಂಡು ಹೋಗೋಣ” ಎಂದು ಅವಳು ಹುಟ್ಟು ಚಾಚಿದಳು.

“ಅಯ್ಯೋ ಬೇಡ, ನಿಮಗ್ಯಾಕೆ...” ಎಂದು ಓರ್ಲಿನ್ ಶುರು ಮಾಡಿದ.

ನಾನು ಯಾರನ್ನೂ ಕೇಳಲಿಲ್ಲ. ಒಂದು ಕೈಯಲ್ಲಿ ಕೊಂಬೆ ಹಿಡಿದು, ಇನ್ನೊಂದನ್ನು ಅವನ ಲೈಫ್ ಜಾಕೆಟ್ಟಿನ ಪಟ್ಟಿಗೆ ಹಾಕಿ ದಡಕ್ಕೆ ಎಳೆದೆ.